ಅಲ್ಲಾಡದೆ ನಿಂತ ಭಟ್ಟಿ ಓಣಿ

ಶಿಕಾರಿಪುರದ ಭಟ್ಟಿ ಓಣಿ ಹಿಂದೆ ಬಲು ಸ್ವಚ್ಛವಾಗಿತ್ತು, ಶಾಂತವಾಗಿತ್ತು ಎಂದು ಯಾರಾದರೂ ಹೇಳಿದರೆ ಅವರ ಮುಖ ನೋಡಲು ನನಗೆ ಮನಸ್ಸಾಗುವುದಿಲ್ಲ. ಅದು ಎಂದೂ ಸ್ವಚ್ಛವಾಗಿರಲಿಲ್ಲ. ಒಂದೇ ಒಂದು ದಿನ ಇತ್ತು. ಆ ಒಂದು ದಿನ ನಮ್ಮನ್ನು ನುಂಗಿತು.

ಭಟ್ಟಿ ಎಂದರೆ ಮಂಡಕ್ಕಿ ಹುರಿಯುವ ದೊಡ್ಡ ಒಲೆ. ಪೇಟೆಯ ಹಿಂದೆ, ಕೆರೆಯಿಂದ ಗದ್ದೆಗೆ ನೀರು ಹೋಗುವ ಕಾಲುವೆಯ ಪಕ್ಕದಲ್ಲಿ ಎರಡು ಸಾಲು ಮನೆಗಳಿದ್ದವು. ಮುಂದಿನ ಅಂಕಣದಲ್ಲಿ ಭಟ್ಟಿ, ಹಿಂದಿನ ಅಂಕಣದಲ್ಲಿ ಸಂಸಾರ. ಭತ್ತ ನೆನೆಸಬೇಕು, ಬೇಯಿಸಬೇಕು, ಒಣಗಿಸಬೇಕು, ಅಕ್ಕಿ ಮಾಡಿಸಿ ತಂದು ಉಪ್ಪುನೀರು ಹಾಕಿ ಕಲಸಬೇಕು. ಆಮೇಲೆ ಕಾದ ಮರಳಿಗೆ ಸುರಿಯಬೇಕು. ಸುರಿದ ಕೂಡಲೇ ಅರಳುತ್ತದೆ. ಅರಳಿದ ಕೂಡಲೇ ಜರಡಿಗೆ ಎತ್ತಬೇಕು. ತಡಮಾಡಿದರೆ ಕೆಂಪಾಗುತ್ತದೆ, ಕೆಂಪು ಮಂಡಕ್ಕಿಯನ್ನು ಯಾರೂ ಕೊಳ್ಳುವುದಿಲ್ಲ. ಒಲೆಗೆ ಹಾಕುವುದು ಸೌದೆಯಲ್ಲ, ಭತ್ತದ ಹೊಟ್ಟು. ಹೊಟ್ಟಿನ ಹೊಗೆ ಗಂಟಲು ಕೆರೆಯುತ್ತದೆ. ಗೋಡೆ ಕಪ್ಪು, ಜಂತಿ ಕಪ್ಪು, ಬೆಕ್ಕಿನ ಮೂತಿ ಕಪ್ಪು. ಓಣಿಯಲ್ಲಿ ಯಾವ ಮಗು ಕೆಮ್ಮಿದರೂ ಅದು ಯಾರ ಮನೆಯ ಮಗು ಎಂದು ಕೆಮ್ಮಿನ ಮೇಲೇ ಹೇಳುತ್ತಿದ್ದರು.

ನಾನು ಸೊರಬದಿಂದ ಮದುವೆಯಾಗಿ ಬಂದವಳು. ಆ ಓಣಿಯ ಮೇಲೆ ನನಗೆ ಪ್ರೀತಿ ಇರಲಿಲ್ಲ, ಈಗಲೂ ಇಲ್ಲ. ಮೊದಲ ಸಲ ಬಾಗಿಲೊಳಗೆ ಕಾಲಿಟ್ಟಾಗ ಕಣ್ಣುರಿ ತಾಳಲಾರದೆ ಅತ್ತುಬಿಟ್ಟೆ. ಹೊಸ ಮದುಮಗಳು ತವರಿಗಾಗಿ ಅಳುತ್ತಿದ್ದಾಳೆ ಎಂದು ಹೆಂಗಸರು ಸಮಾಧಾನ ಮಾಡಿದರು. ನನ್ನ ಅತ್ತೆ ಮಾತ್ರ, "ಹೊಗಿಗೆ ಅಳ್ತಾಳ. ನಾಕು ದಿನ ಆದ್ರ ಕಣ್ಣು ರೂಢಿ ಆಗ್ತಾವ ಬಿಡ್ರಿ," ಎಂದಳು. ರೂಢಿಯಾಯಿತು. ಹೊಟ್ಟೆ ತುಂಬುವ ಜಾಗಕ್ಕೆ ಕಣ್ಣು ರೂಢಿಯಾಗಲೇಬೇಕು.

ಅತ್ತೆ ವಿಧವೆ. ಭಟ್ಟಿ ಅವಳದು. ಮಗ, ಅಂದರೆ ನನ್ನ ಗಂಡ, ಹೊಟ್ಟಿನ ಚೀಲ ಹೊರುತ್ತಿದ್ದ, ಸಂತೆಗೆ ಮಂಡಕ್ಕಿ ಒಯ್ಯುತ್ತಿದ್ದ, ಹೇಳಿದ್ದಕ್ಕೆ ಹೂಂ ಅನ್ನುತ್ತಿದ್ದ. ಬಾಣಲೆಯ ಮುಂದೆ ಕೂರುವುದು ಅವಳೇ. ಅವಳ ಕೈ ಸುಮ್ಮನಿದ್ದದ್ದನ್ನು ನಾನು ನೋಡಿದವಳಲ್ಲ. ಊಟಕ್ಕೆ ಕೂತಾಗಲೂ ಎಡಗೈಯಲ್ಲಿ ಅಕ್ಕಿಯೊಳಗಿನ ಕಲ್ಲು ಆರಿಸುತ್ತಿದ್ದಳು. ನನ್ನನ್ನು ಹೆಸರು ಹಿಡಿದು ಕರೆದವಳೂ ಅಲ್ಲ. "ಸೊರಬದಾಕಿ" ಎನ್ನುತ್ತಿದ್ದಳು. ನನ್ನ ಮಗ ಹುಟ್ಟಿದ ಮೇಲೂ ಸೊರಬದಾಕಿಯೇ.

ರಾಜ್ಯ ಒಂದಾಗಿ ಮೈಸೂರು ದೊಡ್ಡದಾದ ಹೊಸತು. ಊರಿಗೆ ಬಸ್ಸು ಹೆಚ್ಚಾದವು. ಬಸ್ಸು ನಿಲ್ಲಲು ಜಾಗ ಬೇಕು, ಪೇಟೆಗೆ ಅಗಲ ರಸ್ತೆ ಬೇಕು ಎಂದು ಮಾತು ಎದ್ದಿತು. ಜಾಗ ಯಾವುದು ಎಂದರೆ ನಮ್ಮ ಓಣಿ. ದೊಡ್ಡ ಸಾಹೇಬರು ಎಂದು ಒಬ್ಬರಿದ್ದರು. ಬೇರೆ ಊರಿನಲ್ಲಿ ಕೂರುವವರು, ಅಪರೂಪಕ್ಕೆ ಜೀಪಿನಲ್ಲಿ ಬರುವವರು. ಅವರು ಓಣಿಯ ಬಾಯಲ್ಲಿ ನಿಂತು, ಮೂಗಿಗೆ ಕರವಸ್ತ್ರ ಹಿಡಿದು, ಒಂದು ಮಾತು ಹೇಳಿ ಹೋದರು. ಉರಿಯುತ್ತಿರುವ ಭಟ್ಟಿ ಎಷ್ಟಿವೆಯೋ ಅಷ್ಟಕ್ಕೂ ಕಾಲುವೆಯ ಆಚೆ ಬದಲಿ ಜಾಗ ಕೊಡುತ್ತೇವೆ, ಎಲ್ಲರಿಗೂ ಒಂದೇ ಕಡೆ. ಕಸುಬು ಬಿಟ್ಟವರಿಗೆ ಜಾಗವಿಲ್ಲ. ನಮಗೆ ಈ ಮಾತು ಸಾಕಾಗಿತ್ತು. ಭತ್ತ ನೆನೆಸಲು ನೀರು ಹತ್ತಿರ ಬೇಕು, ಭಟ್ಟಿಗಳು ಒಂದೇ ಕಡೆ ಇದ್ದರೆ ವ್ಯಾಪಾರದವರು ಹುಡುಕಿಕೊಂಡು ಬರುತ್ತಾರೆ. ಎರಡೂ ಸಿಗುತ್ತಿತ್ತು. ಗೋಡೆ ಕೆಡವಿದರೆ ಕೆಡವಲಿ, ಮಣ್ಣಿನ ಗೋಡೆ, ಮತ್ತೆ ಕಟ್ಟಿದರಾಯಿತು ಎಂದು ಅತ್ತೆ ಹೇಳಿದಳು.

ಅದೇ ಬೇಸಿಗೆಗೆ ಬೆಂಗಳೂರಿನಿಂದ ಪಿಕ್ಚರ್ ತೆಗೆಯುವವರು ಬಂದರು. ಸಿನಿಮಾದವರಲ್ಲ. ಕುಣಿತ, ಹಾಡು, ರಾಜ, ರಾಣಿ ಯಾವುದೂ ಇಲ್ಲದ, ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಪಿಕ್ಚರ್ ಅಂತೆ. ಅವರಲ್ಲಿ ಮುಖ್ಯನಾದವನು ಬಿಳಿ ಪ್ಯಾಂಟು ಹಾಕಿದ್ದ. ನಮ್ಮ ಓಣಿಗೆ ಬಿಳಿ ಪ್ಯಾಂಟು ಹಾಕಿಕೊಂಡು ಬಂದಾಗಲೇ ಅವನಿಗೆ ಎಷ್ಟು ತಿಳಿವಳಿಕೆ ಇದೆ ಎಂದು ಗೊತ್ತಾಗಬೇಕಿತ್ತು.

"ನಿಮ್ಮೂರು ಬದಲಾಗ್ತಾ ಇದೆ," ಎಂದ. "ಹಳೇ ಬೀದಿಗಳು ಇನ್ನು ಕಣ್ಣಿಗೆ ಬೀಳೋದಿಲ್ಲ. ಅಷ್ಟರೊಳಗೆ ಪಿಕ್ಚರ್ ತೆಗೆದಿಡಬೇಕು. ಮುಂದಿನವರಿಗೆ ನೆನಪು ಇರುತ್ತೆ. ನಾಳೆ ಬರ್ತೀವಿ. ನೀವು ಏನೂ ಮಾಡಬೇಕಾಗಿಲ್ಲ. ದಿನಾ ಹೇಗಿರ್ತೀರೋ ಹಾಗೇ ಇರಿ."

ಎದುರು ಮನೆಯ ಅಜ್ಜ ಓಣಿಗೆಲ್ಲ ಹಿರಿಯ. ಅವನದೂ ಒಂದು ಭಟ್ಟಿ. ಬಾಯಿ ಬಹಳ. ಅವನು ಕೇಳಿದ, "ಈ ಪಿಕ್ಚರ್ ಯಾರ್ ನೋಡ್ತಾರ್ರೀ?"

"ಎಲ್ಲರೂ ನೋಡ್ತಾರೆ ಯಜಮಾನರೇ. ದೊಡ್ಡ ದೊಡ್ಡ ಅಧಿಕಾರಿಗಳು, ಮಂತ್ರಿಗಳು."

ಅಲ್ಲಿಗೆ ಆಯಿತು. ಜೀಪು ತಿರುಗಿ ಹೋಗುವುದರೊಳಗೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

"ದಿನಾ ಹೆಂಗಿರ್ತೀವೋ ಹಂಗ ಇರಬೇಕಂತ. ಮನೀಗೆ ನಾಕು ಮಂದಿ ಬಂದ್ರ ಹೆಂಗ ಇರಬೇಕು ಅಂತ ಇವನಿಗೆ ಅವರವ್ವ ಹೇಳಿಕೊಟ್ಟಿಲ್ಲೇನು?"

ಜಾಗ ಕೊಡುವವರು ನೋಡುತ್ತಾರೆ ಎಂದ ಮೇಲೆ ಹೊಗೆ, ಮಸಿ, ಹೊಟ್ಟಿನ ಗುಡ್ಡೆ ತೋರಿಸಲು ಯಾರಿಗೆ ತಲೆ ಕೆಟ್ಟಿದೆ? ಹೆಣ್ಣು ನೋಡಲು ಬಂದಾಗ ಮುಸುರೆ ಪಾತ್ರೆ ಅಂಗಳದಲ್ಲಿ ಇಡುತ್ತಾರೆಯೇ? ಅವತ್ತು ಸಂಜೆಗೇ ಎಲ್ಲ ಭಟ್ಟಿಗಳನ್ನೂ ಆರಿಸಿದರು. ಬಾಣಲೆಗಳನ್ನು ಒಳಗೆ ಸರಿಸಿದರು. ಗಂಡಸರು ಹೊಟ್ಟಿನ ರಾಶಿಯನ್ನು ಹಿತ್ತಲಿಗೆ ಹೊತ್ತು ಹಾಕಿದರು. ಹೆಂಗಸರು ಗೋಡೆಗೆ ಸುಣ್ಣ ಬಳಿದರು, ನೆಲಕ್ಕೆ ಸಗಣಿ ಸಾರಿಸಿದರು, ಕೆಮ್ಮಣ್ಣಿನ ಅಂಚು ಎಳೆದರು. ಸುಣ್ಣದ ಕೆಳಗಿಂದ ಮಸಿ ಮತ್ತೆ ಮತ್ತೆ ಎದ್ದು ಬಂತು. ಮತ್ತೆ ಮತ್ತೆ ಬಳಿದೆವು. ನಾನು ಆಗ ಬಸುರಿ. ಬಗ್ಗಿದರೆ ವಾಂತಿ. ಆದರೂ ನನ್ನ ಪಾಲಿನ ಗೋಡೆಯನ್ನು ನಾನೇ ಬಳಿಯಬೇಕಾಯಿತು.

ಬೆಳಗ್ಗೆ ಎದ್ದು ಎಲ್ಲರೂ ತಲೆಗೆ ನೀರು ಹಾಕಿಕೊಂಡೆವು. ಪೆಟ್ಟಿಗೆಯ ಸೀರೆ ಉಟ್ಟೆವು. ಗಂಡಸರು ರುಮಾಲು ಸುತ್ತಿದರು. ಎಲ್ಲರೂ ಅವರವರ ಬಾಗಿಲ ಮುಂದೆ ನಿಂತೆವು.

ಹೇಗೆ ನಿಂತೆವು ಎಂಬುದನ್ನು ಹೇಳಬೇಕು. ನಮಗೆ ಗೊತ್ತಿದ್ದದ್ದು ಫೋಟೋ. ಅದೂ ಎರಡೇ ಕಾಲಕ್ಕೆ. ಒಂದು ಮದುವೆಯಾದಾಗ, ಇನ್ನೊಂದು ಸತ್ತಾಗ. ಸತ್ತವರನ್ನು ಕುರ್ಚಿಗೆ ಕಟ್ಟಿ ಕೂರಿಸಿ, ಹಣೆಗೆ ವಿಭೂತಿ ಬಳಿದು ತೆಗೆಸುತ್ತಿದ್ದರು. ಸತ್ತವರು ಹೇಗೂ ಅಲ್ಲಾಡುವುದಿಲ್ಲ. ಬದುಕಿದ್ದವರಿಗೆ ಫೋಟೋದವನು ಕರೀ ಬಟ್ಟೆಯೊಳಗಿಂದ ಕೂಗುತ್ತಿದ್ದ: ಅಲ್ಲಾಡಬೇಡಿ, ರೆಪ್ಪೆ ಬಡೀಬೇಡಿ, ಉಸಿರು ಹಿಡೀರಿ. ನನ್ನ ಮದುವೆ ಫೋಟೋದಲ್ಲಿ ನನ್ನ ಗಂಡ ಅಲ್ಲಾಡಿದ್ದಕ್ಕೆ ಅವನಿಗೆ ಎರಡು ಮೂಗು ಬಂದಿವೆ. ದಂಡವಾಯಿತು ಎಂದು ಅತ್ತೆ ವರ್ಷಗಟ್ಟಲೆ ಆಡಿಕೊಂಡಳು. ಆದ್ದರಿಂದ ಕ್ಯಾಮೆರಾ ಎಂದರೆ ಏನು ಮಾಡಬೇಕು ಎಂದು ನಮಗೆ ಹೇಳಿಕೊಡಬೇಕಾಗಿರಲಿಲ್ಲ.

ಬಿಳಿ ಪ್ಯಾಂಟಿನವನು ಬಂದ. ಮೂರು ಕಾಲಿನ ಮೇಲೆ ಪೆಟ್ಟಿಗೆ ನಿಲ್ಲಿಸಿದ. ಅದು ಗರಗರ ಸದ್ದು ಮಾಡಿತು. ನಾವೆಲ್ಲ ಉಸಿರು ಹಿಡಿದೆವು.

"ಅಮ್ಮಾ, ಸ್ವಲ್ಪ ಅಲ್ಲಾಡಿ," ಎಂದ ಅವನು.

ಯಾರೂ ಅಲ್ಲಾಡಲಿಲ್ಲ.

"ಏನಾದರೂ ಕೆಲಸ ಮಾಡಿ. ನಡೆದಾಡಿ. ಮಾತಾಡಿ."

ಅತ್ತೆ ತುಟಿ ಅಲ್ಲಾಡಿಸದೆ, ಹಲ್ಲಿನ ಸಂದಿಯಿಂದ ನನಗೆ ಹೇಳಿದಳು, "ಪರೀಕ್ಷೆ ಮಾಡ್ತಾನ. ಅಲ್ಲಾಡಬ್ಯಾಡ ಸೊರಬದಾಕಿ. ಕೆಟ್ಟು ಹೋಗ್ತೈತಿ."

ಅವನು ನಮ್ಮ ಮನೆಯೊಳಗೆ ಹಣಿಕಿ ನೋಡಿದ. "ಒಲೆ ಎಲ್ಲಿ? ಮಂಡಕ್ಕಿ ಹುರಿಯೋದು ಎಲ್ಲಿ?" ಎಂದು ಕೇಳಿದ. ಭಟ್ಟಿ ಆರಿಸಿದ್ದೇವೆ, ನಿಮಗೋಸ್ಕರ ಎಂದು ನನ್ನ ಗಂಡ ಹೆಮ್ಮೆಯಿಂದ ಹೇಳಿದ. ಹೊತ್ತಿಸಲು ಆಗುವುದಿಲ್ಲವೇ ಎಂದ ಅವನು. ಹೊತ್ತಿಸಬಹುದು, ಮರಳು ಕಾಯಲು ಮಧ್ಯಾಹ್ನವಾಗುತ್ತದೆ ಎಂದೆವು. ಅವನು ಕೈಗಡಿಯಾರ ನೋಡಿಕೊಂಡ. ಬಳ್ಳಿಗಾವಿಗೆ ಹೋಗಬೇಕು, ಅಲ್ಲಿ ಗುಡಿಯ ಮೇಲೆ ಬಿಸಿಲು ಸರಿಯಾಗಿ ಬೀಳುವ ಹೊತ್ತು ತಪ್ಪಿಹೋಗುತ್ತದೆ ಎಂದ. ನೂರಾರು ವರ್ಷ ಅಲ್ಲೇ ನಿಂತ ಕಲ್ಲು ಅದು. ಮರುದಿನವೂ ಇರುತ್ತಿತ್ತು. ನಾವು ಇರುವುದಿಲ್ಲ ಎಂದು ಅವನೇ ಹೇಳಿದ್ದ. ಆದರೂ ಅರ್ಧ ದಿನ ಕಲ್ಲಿಗೆ, ನಮಗೆ ಒಂದು ಎಲೆಯಡಿಕೆ ಮೆಲ್ಲುವಷ್ಟು ಹೊತ್ತು.

"ಇರಲಿ ಬಿಡಿ, ಹೀಗೇ ತೆಗೆಯೋಣ," ಎಂದು ತನ್ನವರಿಗೆ ಹೇಳಿದ. ಪೆಟ್ಟಿಗೆ ಓಣಿಯ ಆ ತುದಿಯಿಂದ ಈ ತುದಿಗೆ ತಿರುಗಿತು. ನಮ್ಮ ಬಾಗಿಲಿಗೆ ಬಂದಾಗ ಹಸಿ ಸುಣ್ಣದ ವಾಸನೆಗೆ ನನಗೆ ಹೊಟ್ಟೆ ತೊಳಸಿ ಬಂತು. ಸೆರಗು ಬಾಯಿಗೆ ಅಡ್ಡ ಹಿಡಿದು ಮುಖ ತಿರುಗಿಸಿದೆ. ಜೀಪು ಹೋದ ಮೇಲೆ ಅತ್ತೆ ನನ್ನ ಮೇಲೆ ಬೆಂಕಿಯಾದಳು. ಓಣಿಗೆ ಓಣಿಯೇ ಗೊಂಬೆಯ ಹಾಗೆ ನಿಂತಿತ್ತು, ನೀನೊಬ್ಬಳು ಕೆಡಿಸಿದೆ ಎಂದಳು. ಸಂಜೆಗೆ ಭಟ್ಟಿ ಹೊತ್ತಿಸಿದೆವು. ನಾಲ್ಕು ದಿನದಲ್ಲಿ ಸುಣ್ಣ ಕಪ್ಪಾಯಿತು.

ಏಳು ತಿಂಗಳು ತುಂಬಿದಾಗ ಚೊಚ್ಚಲ ಬಾಣಂತನಕ್ಕೆ ನಾನು ಸೊರಬಕ್ಕೆ ಹೋದೆ. ತವರಿನಲ್ಲಿ ಅವ್ವ, ಅಣ್ಣ. ಒಂದು ದಿನ ಸಂತೆ ಮಾಳಕ್ಕೆ ಪಿಕ್ಚರ್ ವ್ಯಾನು ಬಂತು. ಎರಡು ಗಳ ನೆಟ್ಟು ಬಿಳಿ ಬಟ್ಟೆ ಕಟ್ಟಿದರು. ಕತ್ತಲಾಗುತ್ತಿದ್ದ ಹಾಗೆ ಊರೆಲ್ಲ ಚಾಪೆ ಹಿಡಿದು ಬಂತು. ಮೊದಲು ಅಣೆಕಟ್ಟು ತೋರಿಸಿದರು. ಆಮೇಲೆ ಸೊಳ್ಳೆಗೆ ಔಷಧಿ ಹೊಡೆಯುವುದು. ಆಮೇಲೆ ಬಳ್ಳಿಗಾವಿ ಗುಡಿ ಬಂತು, ಬಂದದ್ದು ಹೋಗಲೇ ಇಲ್ಲ. ಒಂದೊಂದು ಕಂಬಕ್ಕೂ ಒಂದೊಂದು ಮಾತು.

ಆಮೇಲೆ ನಮ್ಮ ಓಣಿ.

ನಾನು ಎದ್ದು ನಿಂತೆ. ಬಟ್ಟೆಯ ಮೇಲೆ ಅತ್ತೆ ನಿಂತಿದ್ದಳು, ಆಳೆತ್ತರಕ್ಕಿಂತ ದೊಡ್ಡದಾಗಿ. ಕಣ್ಣು ಬಿಟ್ಟಿದ್ದಾಳೆ, ಕೈ ಎರಡೂ ಜೋತು ಬಿದ್ದಿವೆ. ಎದುರು ಮನೆಯ ಅಜ್ಜ ಕಲ್ಲಿನ ಹಾಗೆ. ಎಲ್ಲರೂ ಕಲ್ಲಿನ ಹಾಗೆ. ಬೆಳ್ಳಗಿನ ಗೋಡೆ. ಒಂದು ಎಳೆ ಹೊಗೆಯಿಲ್ಲ. ಒಂದು ಕಾಳು ಹೊಟ್ಟಿಲ್ಲ. ಆಗ ಬಟ್ಟೆಯ ಹಿಂದಿನಿಂದ ಒಂದು ಗಂಡು ದನಿ, ಗಂಟಲಲ್ಲಿ ತುಪ್ಪ ಸುರಿದ ಹಾಗೆ ಮಾತಾಡಿತು. ಆ ಮಾತು ನನಗೆ ಇವತ್ತಿಗೂ ಬಾಯಿಪಾಠ. "ಒಂದು ಕಾಲದಲ್ಲಿ ಹೊಗೆಯಿಂದ ಕವಿದಿದ್ದ ಈ ಬೀದಿ ಇಂದು ಶಾಂತವಾಗಿದೆ. ಭಟ್ಟಿಗಳು ಆರಿವೆ. ಹಳೆಯ ಕಸುಬನ್ನು ತೊರೆದ ಈ ಸರಳ ಜನ ಹೊಸ ಬಾಳಿನ ಹೊಸ್ತಿಲಲ್ಲಿ ಕಾದು ನಿಂತಿದ್ದಾರೆ."

ನನ್ನ ಸುತ್ತ ಜನ ನಗುತ್ತಿದ್ದರು. ಬಟ್ಟೆಯ ಮೇಲೆ ನಾನು ಸೆರಗು ಹಿಡಿದು ಮುಖ ತಿರುಗಿಸಿದ್ದೆ.

"ಅಷ್ಟು ಜನದಾಗೆ ಜೀವ ಇರೋದು ನಮ್ಮ ಹುಡುಗಿ ಒಬ್ಬಳಿಗೇ ಕಣ್ರೋ," ಎಂದು ಅಣ್ಣ ಪಕ್ಕದವರಿಗೆ ಹೇಳಿದ.

ನಾನು ನೇರ ವ್ಯಾನಿನ ಹತ್ತಿರ ಹೋದೆ. ಪಿಕ್ಚರ್ ಬಿಡುವವನು ಬೀಡಿ ಸೇದುತ್ತ ನಿಂತಿದ್ದ.

"ಆ ಓಣಿ ನಮ್ಮದು. ಯಾರೂ ಕಸುಬು ಬಿಟ್ಟಿಲ್ಲ. ಅದನ್ನು ತೆಗೆದು ಹಾಕ್ರಿ," ಎಂದೆ.

"ಡಬ್ಬದಲ್ಲಿ ಏನು ಬಂದಿರುತ್ತೋ ಅದನ್ನ ಬಿಡೋದು ನನ್ನ ಕೆಲಸ ತಾಯಿ. ಒಳಗೆ ಇರೋರನ್ನ ನಾನು ಹೊರಗೆ ಕರೆಯೋಕಾಗುತ್ತಾ?"

"ಮುಂದೆ ಎಲ್ಲಿ ಬಿಡ್ತೀರಿ?"

"ನಾಡಿದ್ದು ಶಿಕಾರಿಪುರ. ದೊಡ್ಡ ಸಾಹೇಬರೂ ಬರ್ತಾರಂತೆ. ಜಾಗದ್ದು ಏನೋ ತೀರ್ಮಾನ ಮಾಡೋರಿದ್ದಾರೆ."

ಬೆಳಗಿನ ಬಸ್ಸಿಗೆ ಹೊರಟೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು. ಬಾಣಂತನಕ್ಕೆ ಬಂದವಳು ಹೆರದೆ ಗಂಡನ ಮನೆಗೆ ತಿರುಗಿ ಹೋಗುವುದು ನಮ್ಮಲ್ಲಿ ಇಲ್ಲ. ಮಗುವಿಗೆ ಆಗುವುದಿಲ್ಲ ಎನ್ನುತ್ತಾರೆ.

"ನಿಂಗೆ ಏನಾಗೈತೆ ಮಾರಾಯ್ತಿ? ಯಾರೋ ಪಿಕ್ಚರ್‌ನೋರು ಏನೋ ಅಂದ್ರು ಅಂತ ತುಂಬಿದ ಹೊಟ್ಟೆ ಹೊತ್ಕೊಂಡು ಹೊಂಟಿದೀಯಲ್ಲೇ."

"ಹುಟ್ಟೋ ಕೂಸಿಗೆ ಊಟ ಬ್ಯಾಡೇನಬೇ?" ಎಂದೆ.

"ನೋಡು, ಮಾತೂ ಆ ಕಡೇದೇ ಆಗೈತೆ," ಎಂದು ಅವ್ವ ಹಣೆ ಬಡಿದುಕೊಂಡಳು. ಅಣ್ಣ ಬಸ್ಸಿನವರೆಗೆ ಬಂದ. ನನ್ನ ಚೀಲ ಅವನೇ ಹೊತ್ತುಕೊಂಡ.

ಅತ್ತೆ ನನ್ನನ್ನು ನೋಡಿ ಮೊದಲು ಬೈದಳು. ಬೈಯುತ್ತಲೇ ನೀರು ಕೊಟ್ಟಳು. ಆಮೇಲೆ ನಾನು ಹೇಳಿದ್ದನ್ನು ಕೇಳಿದಳು. ಎರಡು ಸಲ ಹೇಳಿಸಿದಳು. ಕಸುಬನ್ನು ತೊರೆದ ಎಂಬಲ್ಲಿಗೆ ಬಂದಾಗ ತಡೆದು, "ತೊರೆದ ಅಂದ್ರ?" ಎಂದಳು. ಬಿಟ್ಟ ಎಂದೆ. ಎದುರು ಮನೆಯ ಅಜ್ಜನನ್ನು ಕರೆದಳು. ಅವನು ಬಂದು ಕೂತು, ತಾನು ಪಿಕ್ಚರ್‌ನಲ್ಲಿ ಹೇಗೆ ಕಾಣುತ್ತೇನೆ ಎಂದು ಕೇಳಿದ.

"ಸತ್ತೋರ ಫೋಟೋದಾಗ ಇದ್ದಂಗ ಕಾಣ್ತೀ ಅಜ್ಜಾ," ಎಂದೆ.

ಅವನು ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ.

ನನ್ನ ಗಂಡ, ಸಾಹೇಬರ ಕಚೇರಿಗೆ ಹೋಗಿ ಕೈಮುಗಿದು ಹೇಳೋಣ ಎಂದ. ಅತ್ತೆ ಒಪ್ಪಲಿಲ್ಲ. ಸಾಹೇಬರು ಪಿಕ್ಚರ್ ನೋಡಲು ಬರುತ್ತಾರೆ, ಅಲ್ಲೇ ನೋಡಲಿ ಎಂದಳು. ಬಾಯಿಮಾತು ನಂಬುವವರಾಗಿದ್ದರೆ ಪಿಕ್ಚರ್ ಯಾಕೆ ಬೇಕಿತ್ತು ಎಂದಳು. ಮರುದಿನ ಮಧ್ಯಾಹ್ನದಿಂದ ಓಣಿಯ ಎಲ್ಲ ಭಟ್ಟಿಗಳನ್ನೂ ಒಟ್ಟಿಗೆ ಹೊತ್ತಿಸಿದರು. ಹಾಗೆ ಎಲ್ಲರೂ ಒಟ್ಟಿಗೆ ಹೊತ್ತಿಸುವುದು ವಾಡಿಕೆಯಲ್ಲ. ಸರದಿ ಇರುತ್ತಿತ್ತು, ಇಲ್ಲದಿದ್ದರೆ ನಾವೇ ಉಸಿರು ಕಟ್ಟಿ ಸಾಯುತ್ತಿದ್ದೆವು. ಅವತ್ತು ಸರದಿ ಬಿಟ್ಟರು. ಸಂಜೆಗೆ ಕೆರೆಯ ಕಡೆಯಿಂದ ಗಾಳಿ ಎದ್ದಿತು. ಗಾಳಿ ಪೇಟೆಯ ಕಡೆಗೇ ಬೀಸುತ್ತಿತ್ತು.

ಬಾಣಲೆಗೆ ಒಬ್ಬೊಬ್ಬರನ್ನು ಬಿಟ್ಟು ಉಳಿದವರೆಲ್ಲ ಪೇಟೆಯ ಪಕ್ಕದ ಸಂತೆ ಮಾಳಕ್ಕೆ ಪಿಕ್ಚರ್ ನೋಡಲು ಹೋದೆವು. ಸಾಹೇಬರು ಮುಂದೆ ಕುರ್ಚಿಯಲ್ಲಿ, ಊರಿನ ದೊಡ್ಡವರು ಅವರ ಪಕ್ಕದಲ್ಲಿ, ಉಳಿದವರು ನೆಲದ ಮೇಲೆ. ಅಣೆಕಟ್ಟು ಆಯಿತು. ಸೊಳ್ಳೆ ಆಯಿತು. ಗುಡಿಯ ಕಂಬಗಳು ನಡೆಯುತ್ತಿರುವಾಗಲೇ ಹೊಗೆ ಬರತೊಡಗಿತು. ವ್ಯಾನಿನಿಂದ ಬಟ್ಟೆಗೆ ಹೋಗುವ ಬೆಳಕು ಹೊಗೆಯಲ್ಲಿ ದಪ್ಪ ತೊಲೆಯ ಹಾಗೆ ಕಾಣಿಸಿತು. ನಮ್ಮ ಓಣಿ ಬಂದಾಗ ಅತ್ತೆಯ ಮುಖ ಬಟ್ಟೆಯ ಮೇಲೆ ಅರ್ಧ, ಹೊಗೆಯ ಮೇಲೆ ಅರ್ಧ. ಆ ತುಪ್ಪದ ದನಿ ಶುರುವಾಯಿತು. ಹೊಗೆಯಿಂದ ಕವಿದಿದ್ದ ಈ ಬೀದಿ ಇಂದು ಶಾಂತವಾಗಿದೆ ಎಂದಿತು. ಮಾಳದಲ್ಲಿ ಇದ್ದವರೆಲ್ಲ ಕೆಮ್ಮುತ್ತಿದ್ದರು.

ಎದುರು ಮನೆಯ ಅಜ್ಜ ಹಿಂದಿನಿಂದ ಕೂಗಿ ಹೇಳಿದ, "ಶಾಂತವಾಗೈತಂತ ಕಣ್ರಪ್ಪೋ. ಸಾಹೇಬ್ರು ಕುಂತಾರ, ಕೆಮ್ಮಬ್ಯಾಡ್ರಿ."

ಊರು ನಕ್ಕಿತು. ಕೆಮ್ಮಿ ನಕ್ಕಿತು, ನಕ್ಕು ಕೆಮ್ಮಿತು. "ಭಟ್ಟಿ ಆರ್ಯಾವಂತ, ಮೂಗು ಮುಚ್ಕೋರಿ," ಎಂದು ಇನ್ನೊಬ್ಬ. ಸಾಹೇಬರು ಎದ್ದರು. ಕುರ್ಚಿ ಬಿತ್ತು. ಅತ್ತೆ ನೆಲದ ಮೇಲೆ ಕೂತು ಬಟ್ಟೆಯ ಮೇಲಿನ ತನ್ನನ್ನೇ ನೋಡುತ್ತಿದ್ದಳು. ನಗಲಿಲ್ಲ. "ನನ್ನ ಕೈ ನೋಡು, ಹೆಂಗ ಜೋತು ಬಿಟ್ಟೀನಿ. ಲಕ್ವಾ ಹೊಡದಂಗ," ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು.

ಮರುದಿನ ಬೆಳಗ್ಗೆ ಸಾಹೇಬರು ಓಣಿಗೆ ಬಂದರು. ಈ ಸಲ ಒಳಗಿನವರೆಗೂ ನಡೆದು ಬಂದರು. ಎಲ್ಲ ಮನೆಯಲ್ಲೂ ಬೆಂಕಿ ಇತ್ತು, ಮಂಡಕ್ಕಿ ಇತ್ತು. ನಾವು ಅಂದುಕೊಂಡೆವು, ಕಣ್ಣಾರೆ ನೋಡಿದರು, ಇನ್ನೇನು ಬೇಕು ಎಂದು.

"ಭಟ್ಟಿ ಉರೀತಾ ಇದೆ ಅಂತ ಒಪ್ತೀನಿ," ಎಂದರು. "ನಿನ್ನೆ ನೀವೇ ತೋರಿಸಿಕೊಟ್ರಿ. ಇಷ್ಟು ಹೊಗೆ ಮಾಡೋರಿಗೆ ಕಾಲುವೆ ಆಚೆ ಏನು, ಊರ ಹತ್ತಿರ ಎಲ್ಲೂ ಜಾಗ ಕೊಡೋಕಾಗೋದಿಲ್ಲ. ಊರಿನವರೆಲ್ಲ ಕೆಮ್ಮಿದ್ದನ್ನ ನಾನೇ ಕೇಳಿದೀನಿ."

ಅತ್ತೆ ಬಾಣಲೆಯ ಮುಂದಿನಿಂದ ಏಳಲಿಲ್ಲ. ಕೈ ನಿಲ್ಲಿಸಲೂ ಇಲ್ಲ. ಮರಳು ಕೆದಕುತ್ತಲೇ ಹೇಳಿದಳು.

"ಉರೀದಿದ್ರ ಕಸುಬು ಬಿಟ್ಟಾರ ಅಂತೀರಿ. ಉರಿದ್ರ ಹೊಗಿ ಅಂತೀರಿ. ನಾವು ಏನು ಮಾಡಿದ್ರ ನಿಮ್ಮ ಕಣ್ಣಿಗೆ ಸರಿ ಕಾಣ್ತೈತಿ ಹೇಳ್ರೀ ಸಾಹೇಬ್ರ. ಅದನ್ನಾರ ಮಾಡ್ತೀವಿ."

"ಬೇರೆ ಏನಾದರೂ ಮಾಡಿಕೊಳ್ಳಿ ಅಮ್ಮ. ಕಾಲ ಬದಲಾಗಿದೆ."

"ಮಂಡಕ್ಕಿ ತಿನ್ನೋದು ಬಿಟ್ಟಾರೇನ್ರೀ ಮಂದಿ?"

ಸಾಹೇಬರು ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ಅತ್ತೆ ಜರಡಿಯಿಂದ ಒಂದು ಬೊಗಸೆ ಮಂಡಕ್ಕಿ ತೆಗೆದು ಅವರ ಹಿಂದೆ ನಿಂತಿದ್ದ ಜವಾನನ ಕೈಗೆ ಹಾಕಿದಳು. ಅವನು ಸಾಹೇಬರ ಬೆನ್ನ ಹಿಂದೆ ತಿಂದ.

ಇದರಲ್ಲಿ ತಪ್ಪು ಯಾರದು ಎಂದು ಆಮೇಲೆ ಓಣಿಯಲ್ಲಿ ಬಹಳ ಜಗಳವಾಯಿತು. ಭಟ್ಟಿ ಆರಿಸಿದ್ದು ತಪ್ಪು ಎಂದು ಕೆಲವರು, ಹೊತ್ತಿಸಿದ್ದು ತಪ್ಪು ಎಂದು ಕೆಲವರು. ನಾನು ಹೇಳುತ್ತೇನೆ, ಎರಡೂ ತಪ್ಪಲ್ಲ. ಬಂದವರ ಮುಂದೆ ಮನೆ ಚೊಕ್ಕ ಇಟ್ಟುಕೊಳ್ಳುವುದು ತಪ್ಪಲ್ಲ. ಹೊಟ್ಟೆಪಾಡಿಗೆ ಬೆಂಕಿ ಹಾಕುವುದೂ ತಪ್ಪಲ್ಲ. ಬಸ್ಸಿಗೆ ಜಾಗ ಮೊದಲೇ ಗೊತ್ತುಮಾಡಿ ಆಗಿತ್ತು, ನಮಗೆ ಜಾಗ ಕೊಡದಿರಲು ಒಂದು ನೆವ ಬೇಕಿತ್ತು. ನಾವು ನಿಂತರೂ ನೆವ, ಕೂತರೂ ನೆವ. ಇಷ್ಟು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು. ಆ ಬಿಳಿ ಪ್ಯಾಂಟಿನವನು ಕೆಟ್ಟವನೇ ಎಂದು ಕೇಳಿದರೆ ಗೊತ್ತಿಲ್ಲ. ಅವನು ಸುಳ್ಳು ಹೇಳಬೇಕೆಂದು ಬಂದವನಲ್ಲ. ಮರಳು ಕಾಯುವವರೆಗೆ ಕಾಯಲಿಲ್ಲ, ಅಷ್ಟೇ. ಆದರೆ ಕಾಯದೆ ಹೋದವನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಕಂಡದ್ದಕ್ಕೆ ಇಲ್ಲದ ಅರ್ಥ ಕಟ್ಟಿ, ತುಪ್ಪದ ದನಿಯವನಿಂದ ಹೇಳಿಸಿದನಲ್ಲ, ಅದನ್ನು ನಾನು ಸಾಯುವವರೆಗೂ ಒಪ್ಪುವುದಿಲ್ಲ.

ನನ್ನ ಮಗ ಆ ಓಣಿಯಲ್ಲೇ ಹುಟ್ಟಿದ. ಓಣಿಯಲ್ಲಿ ಹುಟ್ಟಿದ ಕಡೆಯ ಕೂಸು ಅವನೇ. ಅವನಿಗೆ ಏನೂ ಆಗಲಿಲ್ಲ, ಅವ್ವನ ಹೆದರಿಕೆ ಸುಳ್ಳಾಯಿತು. ಕೆಡವುವವರು ಬಂದ ದಿನ ಅತ್ತೆ ಉಪ್ಪುನೀರಿನಲ್ಲಿ ಅಕ್ಕಿ ಕಲಸಿದ್ದಳು. ಕಲಸಿದ ಅಕ್ಕಿ ಇಟ್ಟರೆ ಹುಳಿ ಬರುತ್ತದೆ, ಇದನ್ನು ಮುಗಿಸಿ ಏಳುತ್ತೇನೆ ಎಂದಳು. ಹಾರೆ ಹಿಡಿದವರು ಕಾಲುವೆಯ ದಂಡೆಯಲ್ಲಿ ಕಾದು ಕೂತರು. ಅವರೂ ಕೂಲಿಯವರು, ಅವರಿಗೂ ಹಸಿವು. ಬಿಸಿ ಮಂಡಕ್ಕಿಗೆ ಹಸಿಮೆಣಸಿನಕಾಯಿ, ಈರುಳ್ಳಿ ಕೊಟ್ಟೆವು. ತಿಂದರು, ನೀರು ಕುಡಿದರು, ನಮ್ಮ ಗೋಡೆ ಕೆಡವಿದರು. ಮಸಿಯ ಕೆಳಗೆ ಸುಣ್ಣ, ಸುಣ್ಣದ ಕೆಳಗೆ ಮತ್ತೆ ಮಸಿ. ಹಪ್ಪಳದ ಹಾಗೆ ಪದರ ಪದರ ಎದ್ದಿತು.

ಓಣಿಯವರು ದಿಕ್ಕಾಪಾಲಾದರು. ಎದುರು ಮನೆಯ ಅಜ್ಜ ಮಗಳ ಜೊತೆ ದಾವಣಗೆರೆಗೆ ಹೋದ, ಅಲ್ಲಿ ಯಾರದೋ ಭಟ್ಟಿಯಲ್ಲಿ ಹೊಟ್ಟು ಹಾಕುವ ಕೆಲಸಕ್ಕೆ ಸೇರಿದ. ನನ್ನ ಗಂಡ ಅಕ್ಕಿ ಮಿಲ್ಲಿಗೆ ಹಮಾಲಿಗೆ ಹೋದ. ಅತ್ತೆ ಮತ್ತೆ ಭಟ್ಟಿ ಕಟ್ಟಲಿಲ್ಲ. ದಾವಣಗೆರೆಯಿಂದ ಬಸ್ಸಿನ ಮೇಲೆ ಬರುವ ಮಂಡಕ್ಕಿ ಚೀಲವನ್ನು ಕೊಂಡು, ಅದೇ ಬಸ್ಸು ನಿಲ್ಲುವ ಜಾಗದಲ್ಲಿ, ನಮ್ಮ ಅಡುಗೆಮನೆ ಇದ್ದ ಕಡೆ ಬುಟ್ಟಿ ಇಟ್ಟುಕೊಂಡು ಮಾರಿದಳು. ಕೊಳ್ಳುವವರು ಚೆನ್ನಾಗಿದೆಯೇ ಎಂದು ಕೇಳಿದರೆ, "ಚಲೋ ಇಲ್ಲ. ಉಪ್ಪು ಸಾಲದು. ಬೇಕಾದ್ರ ಒಯ್ರಿ," ಎನ್ನುತ್ತಿದ್ದಳು. ಆದರೂ ಒಯ್ಯುತ್ತಿದ್ದರು. ಕೆಲವು ವರ್ಷ ಹಾಗೆ ಮಾರಿ, ಒಂದು ಮಳೆಗಾಲದಲ್ಲಿ ಜ್ವರ ಬಂದು ಸತ್ತಳು. ಫೋಟೋ ತೆಗೆಸಲಿಲ್ಲ. ಅವಳೇ ಬೇಡ ಎಂದಿದ್ದಳು.

ಹೋದ ತಿಂಗಳು ಊರಿನ ಕೆಲವರು ಸೇರಿ ಹಳೆಯ ಶಿಕಾರಿಪುರ ಎಂದು ಒಂದು ಕಾರ್ಯಕ್ರಮ ಮಾಡಿದರು. ಆ ಪಿಕ್ಚರ್ ಎಲ್ಲಿಂದಲೋ ಸಿಕ್ಕಿತಂತೆ. ಅದರಲ್ಲಿ ನಿಂತಿದ್ದ ಓಣಿಯವರಲ್ಲಿ ಊರಿನಲ್ಲಿ ಉಳಿದಿರುವವಳು ನಾನೊಬ್ಬಳೇ ಎಂದು ಮೊದಲ ಸಾಲಿನಲ್ಲಿ ಕೂರಿಸಿದರು. ತಂಪು ಮೆಷಿನ್ ಹಾಕಿದ ಕೋಣೆ. ಅತ್ತೆ ಬಂದಳು. ಎಲ್ಲರೂ ಬಂದರು. ತುಪ್ಪದ ದನಿಯೂ ಬಂತು. ಜನ ಆಹಾ ಎಂದರು. ಆಗ ನಮ್ಮೂರು ಎಷ್ಟು ಸ್ವಚ್ಛ ಇತ್ತು ನೋಡಿ, ಈಗ ನೋಡಿ ಹೇಗಾಗಿದೆ ಎಂದರು. ನನ್ನ ಪಕ್ಕ ಕೂತಿದ್ದ ಹುಡುಗಿ, ಅವಳೂ ಪಿಕ್ಚರ್ ತೆಗೆಯುವವಳೇ, ಒಳ್ಳೆಯ ಹುಡುಗಿ, ಕಣ್ಣು ಒರೆಸಿಕೊಂಡು ಹೇಳಿದಳು, "ಅಜ್ಜಿ, ಆ ಹೆಂಗಸಿನ ಮುಖದಲ್ಲಿ ಎಂಥ ಶಾಂತಿ ಇದೆ."

ಮೈಕು ನನ್ನ ಕೈಗೆ ಕೊಟ್ಟಿದ್ದರು. ನೆನಪು ಹಂಚಿಕೊಳ್ಳಿ ಎಂದರು.

"ಅದು ಶಾಂತಿ ಅಲ್ಲವ್ವಾ. ಉಸಿರು ಹಿಡಿದಾಳ. ಅಲ್ಲಾಡಿದ್ರ ಕೆಡತೈತಿ ಅಂತ ಹಿಡಿದಾಳ. ಪೆಟ್ಟಿಗಿ ಅತ್ಲಾಗ ತಿರುಗಿದ ಕೂಡ್ಲೆ ನನಗ ಬೈದ್ಲು. ಆ ಓಣಿ ಹಂಗ ಇದ್ದಿಲ್ಲ. ಹೊಗಿ ಇತ್ತು, ಹೊಲಸು ಇತ್ತು, ಕೆಲಸ ಇತ್ತು. ನೀವು ನೋಡಿದ್ದು ನಮ್ಮ ಓಣಿ ಅಲ್ಲ."

ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಅಜ್ಜಿ ಚೆನ್ನಾಗಿ ತಮಾಷೆ ಮಾಡುತ್ತಾರೆ ಎಂದರು. ಶಾಲು ಹೊದಿಸಿದರು. ಆಮೇಲೆ ಆ ಹುಡುಗಿ ಬಂದು, ನಾಳೆ ಬಸ್ ನಿಲ್ದಾಣದಲ್ಲಿ ನಿಮ್ಮನ್ನು ನಿಲ್ಲಿಸಿ ಸ್ವಲ್ಪ ತೆಗೆದುಕೊಳ್ಳಲೇ, ಸುಮ್ಮನೆ ನಿಂತರೆ ಸಾಕು ಎಂದು ಕೇಳಿದಳು.

ಸುಮ್ಮನೆ ನಿಲ್ಲುವುದಿಲ್ಲ ಎಂದೆ. ಮಾತಾಡುತ್ತೇನೆ, ನಾನು ಮಾತಾಡಿದ್ದೇ ಇರಬೇಕು, ಅದರ ಮೇಲೆ ಬೇರೆ ಯಾರ ದನಿಯನ್ನೂ ಹಾಕಕೂಡದು ಎಂದೆ. ಎಷ್ಟು ಹೊತ್ತು ಮಾತಾಡುತ್ತೀರಿ ಎಂದು ಕೇಳಿದಳು. ಮುಗಿಯುವವರೆಗೆ ಎಂದೆ. ವಿಚಾರಿಸಿ ಹೇಳುತ್ತೇನೆ ಎಂದು ಹೋದಳು. ಇನ್ನೂ ಹೇಳಿಲ್ಲ.